ಏಳನೇ ಬೋರ್ಡಿನ ಆರು ಸಾಲು

ಪೇಜಕ್ಕ ಇಪ್ಪತ್ತೆಂಟು ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ಪುಸ್ತಕಗಳಿಗೆ ಅಚ್ಚಿನ ಪುಟ ಜೋಡಿಸಿ ಕಟ್ಟಿದ್ದಾಳೆ, ಒಂದನ್ನೂ ಓದಿಲ್ಲ. ಇದನ್ನು ಅವಳು ಮುಚ್ಚಿಡುವವಳೂ ಅಲ್ಲ. "ಓದ್ತಾ ಕೂತ್ರೆ ಪುಟ ಕಟ್ಟೋರ್ಯಾರು?" ಎಂದು ತಿರುಗಿ ಕೇಳುತ್ತಾಳೆ. ಅವಳ ಪ್ರಕಾರ ಓದುವ ಕಣ್ಣೇ ಬೇರೆ, ಪುಟ ಕಟ್ಟುವ ಕಣ್ಣೇ ಬೇರೆ. ಓದುವವರಿಗೆ ಮಾತು ಕಾಣುತ್ತದೆ. ಅವಳಿಗೆ ಕಾಣುವುದು ಸಾಲುಗಳ ನಡುವಿನ ಸಂದು, ಪ್ಯಾರಾದ ಕೊನೆಗೆ ಒಂಟಿಯಾಗಿ ಉಳಿದ ಪದ, ಪಕ್ಕಕ್ಕೆ ವಾಲಿದ ಪುಟಸಂಖ್ಯೆ. ಒಬ್ಬ ಲೇಖಕರು ತಮ್ಮ ಆರುನೂರು ಪುಟದ ಗ್ರಂಥ ಹೇಗಿತ್ತೆಂದು ಆಸೆಯಿಂದ ಕೇಳಿದಾಗ, "ಚೆನ್ನಾಗಿತ್ತು ಸಾರ್, ಎಲ್ಲೂ ಒಂಟಿ ಸಾಲು ಉಳೀಲಿಲ್ಲ" ಎಂದಿದ್ದಳು. ಲೇಖಕರು ಅದನ್ನು ಹೊಗಳಿಕೆ ಎಂದೇ ತಿಳಿದು ಖುಷಿಯಾಗಿ ಹೋದರು. ಅವಳ ಮಟ್ಟಿಗೆ ಅದು ಹೊಗಳಿಕೆಯೇ ಆಗಿತ್ತು.

ಅವಳು ಕೆಲಸ ಮಾಡುವ ಪ್ರೆಸ್ಸು ಇರುವುದು ಬೀಗ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಹತ್ತೊಂಬತ್ತು ಮೆಟ್ಟಿಲು, ಅದರಲ್ಲಿ ಹನ್ನೆರಡನೆಯದು ಉಳಿದವಕ್ಕಿಂತ ಎರಡು ಬೆರಳು ಎತ್ತರ. ಹೊಸಬರೆಲ್ಲ ಅಲ್ಲಿ ಎಡವುತ್ತಾರೆ, ಹಾಗಾಗಿ ಬರುತ್ತಿರುವವರು ಹಳಬರೋ ಹೊಸಬರೋ ಎಂಬುದನ್ನು ಪೇಜಕ್ಕ ಸದ್ದಿನಲ್ಲೇ ಹೇಳಬಲ್ಲಳು. ಹಿಂದಿನ ಕೋಣೆಯಲ್ಲಿ ಮುದ್ರಣ ಯಂತ್ರ, ಮುಂದಿನದರಲ್ಲಿ ಮಾಲೀಕರ ಮೇಜು ಮತ್ತು ಒಂದು ಹಳೆಯ ತಂತಿ ಫೋನು, ನಡುವೆ ಗೋಡೆಯೆಂದು ಕರೆಸಿಕೊಳ್ಳುವ ಪ್ಲೈವುಡ್ಡಿನ ಮರೆಯಲ್ಲಿ ಪೇಜಕ್ಕ. ಯಂತ್ರ ಓಡುವಾಗ ಅವಳ ಟೀ ಲೋಟ ಅದುರುತ್ತ ಅದುರುತ್ತ ಮೇಜಿನ ಅಂಚಿನ ಕಡೆಗೆ ತಾನೇ ನಡೆದು ಹೋಗುತ್ತದೆ. ಅವಳು ಪರದೆಯಿಂದ ಕಣ್ಣು ತೆಗೆಯದೆಯೇ ಅದನ್ನು ಹಿಡಿದು ಒಳಕ್ಕೆ ಸರಿಸುತ್ತಾಳೆ. ಇಷ್ಟು ವರ್ಷದಲ್ಲಿ ಒಂದು ಲೋಟವೂ ಬಿದ್ದಿರಲಿಲ್ಲ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಇಲ್ಲಿಗೆ ಬಂದಾಗ ಪುಟವೆಂದರೆ ಬ್ಲೇಡು ಮತ್ತು ಗೋಂದು. ಟೈಪಾಗಿ ಬಂದ ಉದ್ದನೆಯ ಕಾಗದದ ಪಟ್ಟಿಗಳನ್ನು ಕತ್ತರಿಸಿ, ಗೀಟು ಹಾಕಿದ ಹಾಳೆಯ ಮೇಲೆ ಅಂಟಿಸಬೇಕಿತ್ತು. ಹತ್ತನೇ ಪುಟದಲ್ಲಿ ಲೇಖಕರು ಒಂದು ಸಾಲು ಸೇರಿಸಿದರೋ, ಮುಗಿಯಿತು ಕಥೆ. ಅಲ್ಲಿಂದ ಕೊನೆಯವರೆಗೆ ಎಲ್ಲವನ್ನೂ ಕೆರೆದು ತೆಗೆದು ಮತ್ತೆ ಅಂಟಿಸಬೇಕು. ಅವಳ ಎಡಗೈ ಹೆಬ್ಬೆರಳಿನ ಮೇಲೆ ಬ್ಲೇಡಿನ ಗುರುತು ಇವತ್ತಿಗೂ ಇದೆ. ಕಂಪ್ಯೂಟರ್ ಬಂದಾಗ ಪ್ರೆಸ್ಸಿನ ಹಿರಿಯರೆಲ್ಲ ಮುಖ ಸಿಂಡರಿಸಿದರು. ಇವಳು ಮಾತ್ರ ಹತ್ತು ದಿನ ಅದರ ಮುಂದೆ ಠಿಕಾಣಿ ಹೂಡಿ ಕಲಿತುಬಿಟ್ಟಳು.

ಅವಳ ಮನಸ್ಸು ಗೆದ್ದದ್ದು ಲಿಂಕ್. ಈ ಪುಟದ ಮೇಲೆ ಒಂದು ಬಾಕ್ಸ್ ಎಳೆಯುವುದು, ಮುಂದಿನ ಪುಟದಲ್ಲಿ ಇನ್ನೊಂದು, ಆಮೇಲೆ ಒಂದರ ಬಾಲವನ್ನು ಇನ್ನೊಂದರ ತಲೆಗೆ ಸಿಕ್ಕಿಸುವುದು. ಮೊದಲ ಬಾಕ್ಸಿಗೆ ಬರಹ ಸುರಿದರೆ ಸಾಕು, ಅದು ತುಂಬಿದ ಮೇಲೆ ಎರಡನೆಯದಕ್ಕೆ, ಅದೂ ತುಂಬಿದ ಮೇಲೆ ಮೂರನೆಯದಕ್ಕೆ ತಾನೇ ಇಳಿದುಕೊಂಡು ಹೋಗುತ್ತದೆ. ನಡುವೆ ಒಂದು ಸಾಲು ಸೇರಿಸಿದರೆ ಉಳಿದ ಸಾಲುಗಳೆಲ್ಲ ಗೊಣಗದೆ ಸರಿದು ಜಾಗ ಮಾಡಿಕೊಡುತ್ತವೆ. ಜಾಗ ಸಾಲದೇ ಹೋದರೆ ಕೊನೆಯ ಬಾಕ್ಸಿನ ಮೂಲೆಯಲ್ಲಿ ಒಂದು ಪುಟ್ಟ ಕೆಂಪು ಪ್ಲಸ್ ಗುರುತು ಮೂಡುತ್ತದೆ. ಇನ್ನೂ ಮಾತಿದೆ, ಜಾಗವಿಲ್ಲ ಎಂದು ಅರ್ಥ. ಪೇಜಕ್ಕನಿಗೆ ಆ ಕೆಂಪು ಪ್ಲಸ್ ಕಂಡರೆ ನೆಂಟರು ಚೀಲ ಹಿಡಿದು ಬಾಗಿಲಲ್ಲಿ ನಿಂತಷ್ಟು ಸಂಕಟ. ಹೇಗಾದರೂ ಮಾಡಿ ಒಳಗೆ ಕರೆದು ಕೂರಿಸುವವರೆಗೆ ಅವಳಿಗೆ ಟೀ ಇಳಿಯುವುದಿಲ್ಲ.

ಇಷ್ಟು ಅಚ್ಚುಕಟ್ಟಾದ ಹೆಂಗಸಿಗೆ ಎರಡು ಚಟಗಳಿದ್ದವು. ಮೊದಲನೆಯದು, ಹೊಸ ಪುಸ್ತಕಕ್ಕೆ ಹೊಸ ಫೈಲ್ ತೆರೆಯುತ್ತಿರಲಿಲ್ಲ. ಹಳೆಯ ಪುಸ್ತಕದ ಫೈಲನ್ನೇ ನಕಲು ಮಾಡಿ, ಅದರ ಹೊಟ್ಟೆ ಖಾಲಿ ಮಾಡಿ, ಹೊಸ ಬರಹ ಸುರಿಯುತ್ತಿದ್ದಳು. ಎರಡನೆಯದು, ಏನನ್ನೂ ಅಳಿಸುತ್ತಿರಲಿಲ್ಲ. ಬೇಡವಾದ ಬಾಕ್ಸುಗಳನ್ನು ಪರದೆಯ ಮೇಲೆ ಪುಟದ ಹೊರಗಿರುವ ಖಾಲಿ ಜಾಗಕ್ಕೆ ಎಳೆದು ಹಾಕುತ್ತಿದ್ದಳು, ಮುಂದೆ ಬೇಕಾದೀತು ಎಂದು. ಮನೆಯಲ್ಲೂ ಅಷ್ಟೇ. ಮಂಚದ ಕೆಳಗೆ ಮುಚ್ಚಳವಿಲ್ಲದ ಡಬ್ಬಿಗಳು ಒಂದು ಚೀಲದಲ್ಲಿ, ಡಬ್ಬಿಯಿಲ್ಲದ ಮುಚ್ಚಳಗಳು ಇನ್ನೊಂದರಲ್ಲಿ. ಆದರೆ ಪುಟದ ಪಕ್ಕದ ಆ ರಾಶಿ ಕಣ್ಣಿಗೆ ಬಿದ್ದರೆ ಅವಳಿಗೇ ಕಿರಿಕಿರಿ. ಅದಕ್ಕೆ ಅವಳು ಕಂಡುಕೊಂಡ ಉಪಾಯ ಪ್ರಿವ್ಯೂ. ಒಂದು ಕೀ ಒತ್ತಿದರೆ ಪುಟದ ಹೊರಗಿನದೆಲ್ಲ ಮಾಯವಾಗಿ, ಅಚ್ಚಾದ ಮೇಲೆ ಕಾಣುವಷ್ಟೇ ಕಾಣುತ್ತದೆ. ಇಡೀ ದಿನ ಪ್ರಿವ್ಯೂನಲ್ಲೇ ಕೂತು ಕೆಲಸ ಮಾಡುತ್ತ, ತನ್ನ ಫೈಲುಗಳು ಬಲು ಶುಭ್ರ ಎಂದು ಅವಳು ನಂಬಿದ್ದಳು.

ಇನ್ನು ಅವಳ ಅತ್ತೆಯ ವಿಷಯ. ಅವರು ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಅಲ್ಲಿ ಸಾಲಾಗಿ ಹನ್ನೆರಡು ಬೋರ್ಡು, ಒಂದೊಂದರ ಮುಂದೆ ಒಬ್ಬೊಬ್ಬರು. ದೀಪ ಹತ್ತಿದ ತೂತಿಗೆ ತಂತಿಯ ಒಂದು ತುದಿ ಚುಚ್ಚಿ "ನಂಬರ್ ಪ್ಲೀಸ್" ಎನ್ನುವುದು, ಇನ್ನೊಂದು ತುದಿಯನ್ನು ಅವರು ಕೇಳಿದ ನಂಬರಿಗೆ ಚುಚ್ಚುವುದು. ಆಪರೇಟರುಗಳು ಒಬ್ಬರನ್ನೊಬ್ಬರು ಕರೆಯುತ್ತಿದ್ದುದೇ ಬೋರ್ಡಿನ ಲೆಕ್ಕದಲ್ಲಿ. ಅತ್ತೆ ಏಳನೇ ಬೋರ್ಡು. ನಿವೃತ್ತಿಯಾಗಿ ಹದಿನಾರು ವರ್ಷವಾದರೂ ಗಂಟಲಿಗೆ ನಿವೃತ್ತಿ ಸಿಕ್ಕಿರಲಿಲ್ಲ. ದೂರದೂರಿನ ಟ್ರಂಕ್ ಕಾಲಿಗೆ ಮೂರು ನಿಮಿಷದ ಅಳತೆ ಇದ್ದ ಕಾಲ ಅವರದು. ಅಷ್ಟು ಹೊತ್ತಾದ ಕೂಡಲೇ ಆಪರೇಟರ್ ನಡುವೆ ಬಾಯಿ ಹಾಕಿ ಕೇಳಬೇಕಿತ್ತು. ಈಗ ಮಗ ಫೋನಿನಲ್ಲಿ ಹರಟೆಗೆ ಕೂತರೆ ಸಾಕು, ಅಡುಗೆಮನೆಯಿಂದಲೇ "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೂಗುತ್ತಿದ್ದರು. ಮಗ ಮರುಮಾತಿಲ್ಲದೆ ಫೋನ್ ಇಡುತ್ತಿದ್ದ.

ನಡುಮನೆಯ ಗೋಡೆಯ ಮೇಲೆ ಅವರಿಗೆ ಬಂದ ಉತ್ತಮ ಆಪರೇಟರ್ ಪ್ರಶಸ್ತಿ ಪತ್ರವಿತ್ತು, ಗಾಜು ಹಾಕಿಸಿದ್ದು. ದಿನಾ ಬೆಳಿಗ್ಗೆ ಅದನ್ನು ತಾವೇ ಒರೆಸುತ್ತಿದ್ದರು. ಸೊಸೆಯ ಕೆಲಸದ ಮೇಲೆ ಅಂಥ ಗೌರವವೇನೂ ಇರಲಿಲ್ಲ. "ಬೇರೆಯವರ ಮಾತನ್ನ ಡಬ್ಬಿಗೆ ತುಂಬೋ ಕೆಲಸ" ಎನ್ನುತ್ತಿದ್ದರು. ತಾವು ಮೂವತ್ತೆರಡು ವರ್ಷ ಬೇರೆಯವರ ಮಾತನ್ನೇ ತಂತಿಗೆ ತುಂಬಿದ್ದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ಎಲ್ಲ ಬೋರ್ಡುಗಳ ಕಥೆಯೂ ಬರುತ್ತಿತ್ತು, ಎಂಟನೇ ಬೋರ್ಡಿನದೊಂದು ಬಿಟ್ಟು. ಮದುವೆಯಾದ ಹೊಸದರಲ್ಲಿ ಪೇಜಕ್ಕ ಒಮ್ಮೆ "ನಿಮ್ಮ ಪಕ್ಕದಲ್ಲಿ ಯಾರು ಕೂರ್ತಿದ್ರು ಅತ್ತೆ?" ಎಂದು ಕೇಳಿ, ಎರಡು ದಿನ ಅವರ ಊದಿದ ಮುಖ ನೋಡಬೇಕಾಯಿತು. ಮತ್ತೆ ಆ ತಂಟೆಗೆ ಹೋಗಲಿಲ್ಲ.

ಹೀಗಿರುವಾಗ ಹಳೆಯ ಆಪರೇಟರುಗಳ ಸಂಘದವರು ನೆನಪಿನ ಪುಸ್ತಕವೊಂದನ್ನು ತರಲು ಹೊರಟರು. ಇಪ್ಪತ್ತನಾಲ್ಕು ಜನರ ಬರಹ, ತೊಂಬತ್ತಾರು ಪುಟ, ಭಾನುವಾರ ಎಲ್ಲರೂ ಸೇರುವ ಸಭೆಯಲ್ಲಿ ಬಿಡುಗಡೆ. ಅಚ್ಚು ಪೇಜಕ್ಕನ ಪ್ರೆಸ್ಸಿನಲ್ಲೇ. ಅತ್ತೆ ಒಂದು ತಿಂಗಳು ಬಾಗಿಲು ಹಾಕಿಕೊಂಡು ಬರೆದರು. ಹನ್ನೊಂದು ಹಾಳೆ, ಎರಡೂ ಬದಿ. ಸಂಘದವರ ಕೈಗೆ ಕೊಡದೆ ಸೊಸೆಯ ಕೈಗೇ ಕೊಟ್ಟು "ಜೋಪಾನ" ಎಂದರು. ಇಪ್ಪತ್ತೆರಡು ವರ್ಷದ ಸೊಸೆತನದಲ್ಲಿ ಅತ್ತೆ ತಾವಾಗಿ ನಂಬಿ ಅವಳ ಕೈಗೆ ಕೊಟ್ಟದ್ದು ಅದೊಂದೇ. ಅವಳು ಹಾಳೆಗಳನ್ನು ಪ್ರೆಸ್ಸಿನ ಟೈಪಿಸ್ಟಿಗೆ ಕೊಟ್ಟಳು, ಟೈಪಾಗಿ ಬಂದದ್ದನ್ನು ನಿಯಮದ ಪ್ರಕಾರ ಓದದೆ ಬಾಕ್ಸಿಗೆ ಸುರಿದಳು. ಅತ್ತೆ ಮೂರು ದಿನ ಊಟದ ಹೊತ್ತಿಗೆ ಅವಳ ಮುಖವನ್ನೇ ನೋಡಿದರು. ಸೊಸೆ ಏನಾದರೂ ಹೇಳುತ್ತಾಳೆಂದು ಕಾದರು. ಅವಳು "ಉಪ್ಪು ಕಡಿಮೆ ಆಯ್ತಾ ಅತ್ತೆ?" ಎಂದು ಕೇಳಿದಳು.

ಬುಧವಾರ ಸಂಘದ ಕಾರ್ಯದರ್ಶಿ ಕರಡು ಪುಟಗಳನ್ನು ಬರೆದವರಿಗೆಲ್ಲ ಹಂಚಿದರು. ಗುರುವಾರ ಬೆಳಿಗ್ಗೆ ಹತ್ತೂವರೆಗೆ ಪೇಜಕ್ಕನ ಫೋನು ಹೊಡೆದುಕೊಂಡಿತು.

"ಏನೇ, ನನ್ನ ಬರಹಕ್ಕೆ ಕತ್ತರಿ ಹಾಕಿದ್ಯಾ?"

"ಇಲ್ಲ ಅತ್ತೆ. ನಾನ್ಯಾಕೆ ಹಾಕ್ಲಿ?"

"ಹಾಗಾದ್ರೆ ನಲವತ್ತೊಂದನೇ ಪುಟ ಆದ್ಮೇಲೆ ಇಡೀ ಒಂದು ಪ್ಯಾರಾ ಎಲ್ಲಿ ಹೋಯ್ತು? ಅದಕ್ಕೇನು ಕಾಲು ಬಂತಾ?"

ಪೇಜಕ್ಕನ ಬಾಯಿಗೆ ಬಂದದ್ದು ಎಲ್ಲರ ಬಾಯಿಗೂ ಮೊದಲು ಬರುವ ಮಾತೇ. "ಸಾಫ್ಟ್‌ವೇರ್ ತೊಂದ್ರೆ ಇರ್ಬೇಕು ಅತ್ತೆ. ನಾನು ಮುಟ್ಟಿಲ್ಲ."

"ಮುಟ್ಟಿಲ್ವಾ? ಸರಿ" ಎಂದು ಅತ್ತೆ ಫೋನ್ ಇಟ್ಟರು.

ಇದು ಸಾಲದೆಂಬಂತೆ ಮಾಲೀಕರು ಪ್ಲೈವುಡ್ಡಿನ ಈಚೆ ಬಂದು ನಿಂತರು. ಅವರು ಕೂಗಾಡುವವರಲ್ಲ. ಕೋಪ ಬಂದರೆ ಕನ್ನಡಕ ಒರೆಸುತ್ತಾರೆ. ಅವತ್ತು ಬಹಳ ಹೊತ್ತು ಒರೆಸಿದರು.

"ಅಕ್ಕ, ಕಾರ್ಯದರ್ಶಿ ಫೋನ್ ಮಾಡಿದ್ರು. ಎಂಟನೇ ಬೋರ್ಡಿನಮ್ಮ ತಮ್ಮ ಬರಹ ವಾಪಸ್ ಕೊಡಿ ಅಂತಿದಾರಂತೆ. ಭಾನುವಾರ ಸಭೆಗೂ ಬರಲ್ವಂತೆ. ನಿಮ್ಮತ್ತೆ ಅವರನ್ನ ಕಳ್ಳಿ ಥರ ಬರೆದಿದಾರೆ ಅಂತ ಕೂಗಾಡಿದ್ರಂತೆ."

"ನಮ್ಮತ್ತೆನಾ?"

"ನೀವೇ ನೋಡಿ. ನಾಲ್ಕು ಗಂಟೆಗೆ ಅಚ್ಚಿನ ಪ್ಲೇಟ್ ಮಾಡ್ಲೇಬೇಕು. ಅಷ್ಟರಲ್ಲಿ ಅವರು ಒಪ್ಪದೇ ಹೋದ್ರೆ ಅವರ ಪುಟಗಳನ್ನ ಕಿತ್ತುಹಾಕೋದು ಬಿಟ್ರೆ ಬೇರೆ ದಾರಿ ಇಲ್ಲ."

ಪೇಜಕ್ಕ ಇಪ್ಪತ್ತೆಂಟು ವರ್ಷದ ನಿಯಮ ಮುರಿದು ಓದಿದಳು. ನಲವತ್ತೊಂದನೇ ಪುಟದ ತಳದಲ್ಲಿ ಅತ್ತೆಯ ಮಾತು ಹೀಗಿತ್ತು: "ಒಂದು ಮಧ್ಯಾಹ್ನ ದೊಡ್ಡ ಸಾಹೇಬರ ಟ್ರಂಕ್ ಕಾಲು ಮಾತಿನ ನಡುವೆಯೇ ಕಡಿದುಹೋಯಿತು. ಕಡಿದದ್ದು ಎಂಟನೇ ಬೋರ್ಡಿನ ಲೈನು. ಮೆಮೊ ಹೋದದ್ದೂ ಎಂಟನೇ ಬೋರ್ಡಿಗೇ." ಪುಟ ತಿರುಗಿಸಿದರೆ ನಲವತ್ತೆರಡರ ನೆತ್ತಿಯ ಮೇಲೆ: "ತಪ್ಪು ಮಾಡಿದವರು ಮೂವತ್ತೊಂದು ವರ್ಷ ಬಾಯಿ ಬಿಡದೆ ಕೂತದ್ದು ಸಣ್ಣ ವಿಷಯವಲ್ಲ. ಅಂಥವರಿಗೆ ನಾಚಿಕೆಯಾಗಬೇಕು." ಅಲ್ಲಿಗೆ ಅತ್ತೆಯ ಬರಹ ಮುಗಿದು, ಅದೇ ಪುಟದ ಅರ್ಧದಿಂದ ಎಂಟನೇ ಬೋರ್ಡಿನವರ ಬರಹ ಶುರು. ಪಾಪ, ಆ ಹೆಂಗಸು ತನ್ನ ಬರಹ ಅಚ್ಚಿನಲ್ಲಿ ಹೇಗೆ ಕಾಣುತ್ತದೆಂದು ಆಸೆಯಿಂದ ಪುಟ ತೆರೆದರೆ ನೆತ್ತಿಯ ಮೇಲೇ ಈ ಮಂಗಳಾರತಿ. ಹಾಳಾದ ಫೈಲು ನುಂಗಿದ್ದು ಸರಿಯಾಗಿ ಒಂದು ಪ್ಯಾರಾವನ್ನೇ. ಅರ್ಧ ಸಾಲು ನುಂಗಿದ್ದರೆ ಯಾರಾದರೂ ಏನೋ ತಪ್ಪಿದೆ ಎಂದುಕೊಳ್ಳುತ್ತಿದ್ದರು.

ಅವಳು ತೋಳೇರಿಸಿ ಕೂತಳು. ಮೊದಲು ಕೆಂಪು ಪ್ಲಸ್ ಹುಡುಕಿದಳು. ತೊಂಬತ್ತಾರು ಪುಟದಲ್ಲಿ ಒಂದೂ ಇಲ್ಲ. ಪರದೆಯ ಕೆಳಗಡೆ ಎಲ್ಲವೂ ಸರಿಯಿದೆ ಎನ್ನುವ ಹಸಿರು ಚುಕ್ಕೆ ನಿಶ್ಚಿಂತೆಯಿಂದ ಕೂತಿತ್ತು. ಆಮೇಲೆ ನಲವತ್ತೊಂದರಲ್ಲಿದ್ದ ಎಕ್ಸ್‌ಚೇಂಜಿನ ಫೋಟೋದ ಮೇಲೆ ಅನುಮಾನ ಬಂತು. ಫೋಟೋಗಳಿಗೆ ಒಂದು ಗುಣವಿದೆ, ತಮ್ಮ ಸುತ್ತ ಅಕ್ಷರ ಬಾರದಂತೆ ತಳ್ಳುತ್ತವೆ. ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಕೆಳಗೆ ಏನೂ ಇಲ್ಲ. ಟೈಪಿಸ್ಟಿನ ಫೈಲ್ ತೆರೆದಳು, ಪ್ಯಾರಾ ಅಲ್ಲಿದೆ. ಅದರ ಮೊದಲ ಎರಡು ಪದ ಕೊಟ್ಟು ಪುಸ್ತಕದಲ್ಲಿ ಹುಡುಕಲು ಹೇಳಿದಳು. ಸಾಫ್ಟ್‌ವೇರ್ ಸಿಕ್ಕಿತು ಎಂದಿತು, ಪರದೆ ಪಕ್ಕಕ್ಕೆ ಜಾರಿ ನಿಂತಿತು. ನೋಡಿದರೆ ಬರೀ ಬೂದು ಬಣ್ಣ. ಮತ್ತೆ ಹುಡುಕಿಸಿದಳು. ಮತ್ತೆ ಸಿಕ್ಕಿತು, ಮತ್ತೆ ಬೂದು. ಕಳೆದುಹೋದ ಕೀಲಿಯನ್ನು ಇಲ್ಲೇ ಇದೆ, ಇಲ್ಲೇ ಇದೆ ಎನ್ನುತ್ತ ಕೈಗೆ ಕೊಡದೆ ಸತಾಯಿಸುವ ಅವಳ ಗಂಡನ ಬುದ್ಧಿಯೇ ಇದಕ್ಕೂ ಬಂದಿತ್ತು.

ಕೊನೆಗೆ ಅವಳು ಬಾಕ್ಸುಗಳ ಗೊಡವೆ ಬಿಟ್ಟು, ಬರಹವನ್ನು ಮಾತ್ರ ಒಂದೇ ಪಟ್ಟಿಯಲ್ಲಿ ತೋರಿಸುವ ಬೇರೊಂದು ಕಿಟಕಿ ತೆರೆದಳು. ಅಲ್ಲಿ ಮೆಮೊದ ಮಾತಿಗೂ ನಾಚಿಕೆಯ ಮಾತಿಗೂ ನಡುವೆ ಆರು ಸಾಲು ಏನೂ ಆಗಿಲ್ಲವೆಂಬಂತೆ ಕೂತಿದ್ದವು.

"ಆ ತಂತಿಯನ್ನು ಎಳೆದದ್ದು ನಾನು. ಅವಳ ಬೋರ್ಡಿನ ತಂತಿ ನನ್ನ ಬೋರ್ಡಿನ ಅಂಚಿಗೆ ಚಾಚಿತ್ತು, ಅವಸರದಲ್ಲಿ ನನ್ನದೆಂದು ಕಿತ್ತೆ. ಮೆಮೊ ಕೈಯಲ್ಲಿ ಹಿಡಿದು ಅವಳು ನನ್ನನ್ನು ಕೇಳಿದಳು, ನೀನು ಎಳೆದೆಯಾ ಎಂದು. ನಾನು ಮುಟ್ಟಿಲ್ಲ ಎಂದೆ. ಅವಳಿಗೆ ಬರಬೇಕಿದ್ದ ಬಡ್ತಿ ಎರಡು ವರ್ಷ ತಡವಾಯಿತು. ಅಂದಿನಿಂದ ನಾವಿಬ್ಬರೂ ಮಾತಾಡಿಲ್ಲ."

ಪೇಜಕ್ಕ ಅದನ್ನು ಎರಡು ಸಲ ಓದಿದಳು. ನಾನು ಮುಟ್ಟಿಲ್ಲ. ಒಂದು ಗಂಟೆಯ ಹಿಂದೆ ತಾನು ಅದೇ ಮಾತನ್ನು, ಅದೇ ಸಲೀಸಿನಲ್ಲಿ, ಇದನ್ನು ಬರೆದವರ ಕಿವಿಗೇ ಹೇಳಿದ್ದಳು. ಮೂವತ್ತೊಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆ ಮುದುಕಿ ಹನ್ನೊಂದು ಹಾಳೆಯಲ್ಲಿ ಹೇಗೋ ಆರು ಸಾಲು ಜಾಗ ಮಾಡಿ ಹೊರಗೆ ಹಾಕಿದ್ದರು. ಜೋಪಾನ ಎಂದಿದ್ದರು. ತಾನು ಉಪ್ಪಿನ ವಿಷಯ ಕೇಳಿದ್ದಳು. ಈಗ ಆ ಆರೇ ಸಾಲು ಬಿಟ್ಟು ಉಳಿದದ್ದೆಲ್ಲ ಊರಿಗೆ ಹಂಚಿಕೆಯಾಗಿತ್ತು.

ಲೋಟ ಅಂಚಿಗೆ ಬಂದದ್ದೂ ಅವಳಿಗೆ ಗೊತ್ತಾಗಲಿಲ್ಲ. ಬಿತ್ತು. ಒಡೆಯಲಿಲ್ಲ, ಸ್ಟೀಲಿನದು. ಟೀ ಮಾತ್ರ ಅವಳ ಚಪ್ಪಲಿಯೊಳಗೆ ಹೋಯಿತು.

ಒಂದೂವರೆ ಗಂಟೆಯ ಹೊತ್ತಿಗೆ ಮೆಟ್ಟಿಲ ಮೇಲೆ ಸದ್ದು. ಹನ್ನೆರಡನೆಯದರಲ್ಲಿ ಒಂದು ಎಡವು, ಹಿಂದೆಯೇ ಮೆಟ್ಟಿಲನ್ನು ಕಟ್ಟಿದವನಿಗೆ ಒಂದು ಬೈಗುಳ. ಪೇಜಕ್ಕ ಎದ್ದು ನಿಂತಳು. ಅತ್ತೆ ಈ ಪ್ರೆಸ್ಸಿಗೆ ಇಪ್ಪತ್ತೆರಡು ವರ್ಷದಲ್ಲಿ ಬಂದದ್ದು ಅದೇ ಮೊದಲು. ಕರಡು ಪುಟಗಳನ್ನು ಸುರುಳಿ ಸುತ್ತಿ ಕೋಲಿನಂತೆ ಹಿಡಿದಿದ್ದರು. ಮಾಲೀಕರು ಕುರ್ಚಿ ತಂದುಕೊಟ್ಟು, ಅಪಾಯ ಕಂಡವರ ಹಾಗೆ ಯಂತ್ರದ ಕೋಣೆಗೆ ಜಾರಿಕೊಂಡರು.

"ಸಿಕ್ತಾ?" ಎಂದರು ಅತ್ತೆ.

"ಇದೆ ಅತ್ತೆ. ಹೋಗಿಲ್ಲ. ಆದ್ರೆ ಎಲ್ಲಿ ಕೂತಿದೆ ಅಂತ ಗೊತ್ತಾಗ್ತಿಲ್ಲ. ಈ ಬಾಕ್ಸಿಂದ ಮಾತು ಆ ಬಾಕ್ಸಿಗೆ ಹೋಗ್ಬೇಕು. ನಡುವೆ ಎಲ್ಲೋ ನಿಂತಿದೆ."

ಅತ್ತೆ ಕನ್ನಡಕ ಏರಿಸಿ ಪರದೆಯ ಹತ್ತಿರ ಮುಖ ತಂದರು. "ಇದ್ರಿಂದ ಅದಕ್ಕೆ ಹೋಗುತ್ತೆ ಅಂತೀಯಲ್ಲ, ತಂತಿ ಎಲ್ಲಿ?"

"ಲಿಂಕಾ? ಅದು ಕಾಣಲ್ಲ."

"ಕಾಣದ ತಂತಿ ಎಂಥ ತಂತಿನೇ? ನಮ್ಮಲ್ಲಿ ಲೈನ್ ಸಿಗ್ಲಿಲ್ಲ ಅಂದ್ರೆ ದೀಪ ನೋಡ್ತಾ ಕೂರ್ತಿರಲಿಲ್ಲ. ದೀಪ ಸುಳ್ಳು ಹೇಳುತ್ತೆ. ತಂತಿಯ ಒಂದು ತುದಿ ಹಿಡಿದು ಅದರ ಮೇಲೇ ಕೈ ಎಳ್ಕೊಂಡು ಹೋಗ್ತಿದ್ವಿ, ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ."

ಪೇಜಕ್ಕನ ಕೈ ಕೀಲಿಮಣೆಯ ಮೇಲೆ ನಿಂತಿತು. ಲಿಂಕುಗಳನ್ನು ಗೆರೆಯಾಗಿ ತೋರಿಸುವ ಸವಲತ್ತು ಸಾಫ್ಟ್‌ವೇರಿನಲ್ಲಿ ಇತ್ತು. ಕಲಿಯುವಾಗ ಒಮ್ಮೆ ನೋಡಿದ್ದಳು, ಆಮೇಲೆ ಬೇಕಾಗಿರಲಿಲ್ಲ. ಅದನ್ನು ಹಾಕಬೇಕಾದರೆ ಪ್ರಿವ್ಯೂ ತೆಗೆಯಬೇಕು. ಅಂದರೆ ತನ್ನ ಮಂಚದ ಕೆಳಗಿನ ರಾಶಿಯನ್ನು ಅತ್ತೆಯ ಮುಂದೆ ಬಿಚ್ಚಿಡಬೇಕು. ಒಂದು ಕ್ಷಣ ತಡೆದು ಕೀ ಒತ್ತಿದಳು.

ಪುಟಗಳ ಅಕ್ಕಪಕ್ಕ ಅವಳ ಹಳೆಯ ಸರಕೆಲ್ಲ ಬಯಲಾಯಿತು. ಯಾವುದೋ ಶಾಲೆಯ ಲಾಂಛನ, ಮೂರು ಖಾಲಿ ಬಾಕ್ಸು, ಯಾರದೋ ಅರ್ಧ ಮುಖ. ಅವುಗಳ ನಡುವೆ ಪುಟದಿಂದ ಪುಟಕ್ಕೆ ನೀಲಿ ಗೆರೆಗಳು ಎದ್ದು ನಿಂತವು.

"ಇದು ನಮ್ಮ ಬೋರ್ಡೇ ಕಣೆ" ಎಂದರು ಅತ್ತೆ. ಅವರ ದನಿಯಲ್ಲಿ ಇದ್ದದ್ದು ಕೋಪವಲ್ಲ. "ಇಷ್ಟು ವರ್ಷ ಇದನ್ನಾ ನೀನು ಮಾಡ್ತಿದ್ದಿದ್ದು?"

ಅವರು ತೋರುಬೆರಳನ್ನು ನಲವತ್ತೊಂದನೇ ಪುಟದ ತಳಕ್ಕಿಟ್ಟು ಗೆರೆಯ ಮೇಲೆ ಎಳೆದುಕೊಂಡು ಹೊರಟರು. ಗೆರೆ ನಲವತ್ತೆರಡಕ್ಕೆ ಹೋಗಲಿಲ್ಲ. ಪುಟ ದಾಟಿ, ಅಂಚು ದಾಟಿ, ಪುಟದ ಹೊರಗೆ ಎಡ ಮೂಲೆಯಲ್ಲಿದ್ದ ಒಂದು ಬಾಕ್ಸಿಗೆ ಹೋಗಿ ಮುಟ್ಟಿ, ಅಲ್ಲಿಂದ ವಾಪಸ್ ನಲವತ್ತೆರಡಕ್ಕೆ ಬಂದಿತ್ತು. ಆ ಪುಟ್ಟ ಬಾಕ್ಸಿನೊಳಗೆ ಆರು ಸಾಲುಗಳು ಭುಜಕ್ಕೆ ಭುಜ ತಾಗಿಸಿ ಕೂತಿದ್ದವು.

ಪೇಜಕ್ಕನಿಗೆ ಎಲ್ಲ ನೆನಪಾಯಿತು. ಒಂದು ಶಾಲೆಗಾಗಿ ಹೋದ ವರ್ಷ ಮಾಡಿದ ಪುಸ್ತಕದ ಫೈಲನ್ನೇ ಅವಳು ಇದಕ್ಕೆ ನಕಲು ಮಾಡಿದ್ದಳು. ಅದರಲ್ಲಿ ನಲವತ್ತೊಂದನೇ ಪುಟದ ಪಕ್ಕದಲ್ಲಿ ಒಂದು ಚಿಕ್ಕ ಬಾಕ್ಸಿತ್ತು, ಬರಹ ಅದನ್ನು ಹಾದು ಮುಂದೆ ಹೋಗುತ್ತಿತ್ತು. ಈ ಪುಸ್ತಕಕ್ಕೆ ಅದು ಬೇಡವಾದಾಗ ಅಳಿಸದೆ, ಲಿಂಕನ್ನೂ ಬಿಡಿಸದೆ, ಹೊರಗೆ ಎಳೆದು ಹಾಕಿದ್ದಳು. ಮುಂದೆ ಬೇಕಾದೀತು ಎಂದು. ಬರಹಕ್ಕೇನು ಗೊತ್ತು, ಬಾಕ್ಸು ಪುಟದ ಒಳಗಿದೆಯೋ ಹೊರಗಿದೆಯೋ. ತುಂಬಿಕೊಂಡು ಮುಂದೆ ಹೋಗಿತ್ತು. ಎಲ್ಲ ಸಾಲಿಗೂ ಜಾಗ ಸಿಕ್ಕಿದ್ದರಿಂದ ಕೆಂಪು ಪ್ಲಸ್ ಬಂದಿರಲಿಲ್ಲ, ಹಸಿರು ಚುಕ್ಕೆ ಸುಳ್ಳೂ ಹೇಳಿರಲಿಲ್ಲ.

ಅಷ್ಟರಲ್ಲಿ ಮಾಲೀಕರು ಬಾಗಿಲಲ್ಲಿ ಇಣುಕಿದರು. "ಸಿಕ್ತಾ? ಒಳ್ಳೇದಾಯ್ತು. ಕಂಪ್ಯೂಟರ್ ತೊಂದ್ರೆ ಆಗಿತ್ತು ಅಂತ ಆ ಅಮ್ಮನಿಗೆ ಹೇಳ್ಬಿಡೋಣ. ಯಾರ ತಲೆ ಮೇಲೂ ಬರಲ್ಲ."

ಸುಲಭದ ದಾರಿ, ಅದೂ ಮಾಲೀಕರೇ ಕೈಯಾರೆ ತೋರಿಸಿದ್ದು. ಪೇಜಕ್ಕ ಅವರ ಕಡೆ ನೋಡಲಿಲ್ಲ.

"ಕಂಪ್ಯೂಟರ್ ತೊಂದ್ರೆ ಅಲ್ಲ ಅತ್ತೆ. ಆ ಬಾಕ್ಸನ್ನ ಅಲ್ಲಿ ಬಿಟ್ಟಿದ್ದು ನಾನು. ಬೆಳಿಗ್ಗೆ ನಾನು ಮುಟ್ಟಿಲ್ಲ ಅಂದೆ. ಮುಟ್ಟಿದ್ದೆ. ನೀವು ಬರೆದಿದ್ದನ್ನ ಓದೂ ಇರಲಿಲ್ಲ. ಇವತ್ತೇ ಓದಿದ್ದು."

ಅತ್ತೆ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಗೊತ್ತಿತ್ತು. ಎಳೆದವರ ದನಿ ನಂಗೆ ಗೊತ್ತಾಗಲ್ವಾ?" ಎಂದರು. "ನೀನು ಮೂರೇ ಗಂಟೇಲಿ ಒಪ್ಕೊಂಡೆ. ಪರವಾಗಿಲ್ಲ."

ಪೇಜಕ್ಕ ಬಾಕ್ಸನ್ನು ಹಿಡಿದು ಅಳಿಸುವ ಕೀ ಮೇಲೆ ಬೆರಳಿಟ್ಟಳು. ಅತ್ತೆ ಗಾಬರಿಯಾಗಿ ಅವಳ ಕೈ ಹಿಡಿದರು. "ಮಾತೂ ಹೋಗುತ್ತಲ್ಲೇ."

"ಹೋಗಲ್ಲ ನೋಡಿ. ಬಾಕ್ಸ್ ಮಾತ್ರ ಹೋಗುತ್ತೆ."

ಒತ್ತಿದಳು. ಆರು ಸಾಲು ಅಲ್ಲಿಂದ ಹಾರಿ ಬಂದು ನಲವತ್ತೆರಡರ ನೆತ್ತಿಯ ಮೇಲೆ ಕೂತವು. ಅದರ ಕೆಳಗೆ ನಾಚಿಕೆಯ ಮಾತು. ಈಗ ಆ ಮಾತು ಯಾರಿಗೆ ಹೇಳಿದ್ದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಪುಸ್ತಕವೆಲ್ಲ ಆರು ಸಾಲು ಮುಂದಕ್ಕೆ ಸರಿದು, ತೊಂಬತ್ತಾರನೇ ಪುಟದ ಮೂಲೆಯಲ್ಲಿ ಕೆಂಪು ಪ್ಲಸ್ ಹತ್ತಿಕೊಂಡಿತು. ಹನ್ನೆರಡನೇ ಬೋರ್ಡಿನವರ ಕೊನೆಯ ಸಾಲುಗಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದವು.

"ಎಲ್ಲಾದ್ರೂ ಆರು ಸಾಲು ಕಡಿಮೆ ಮಾಡ್ಬೇಕು ಅತ್ತೆ. ಫೋಟೋ ಚಿಕ್ಕದು ಮಾಡ್ಲಾ?"

ಅತ್ತೆ ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿದರು. ಪುಟ ಹಿಂದಕ್ಕೆ ತಿರುಗಿಸಿ, ನಲವತ್ತನೇ ಪುಟದ ಒಂದು ಪ್ಯಾರಾದ ಮೇಲೆ ಉಗುರು ಒತ್ತಿ ಗೀಟು ಎಳೆದರು. ಉತ್ತಮ ಆಪರೇಟರ್ ಪ್ರಶಸ್ತಿಯ ಪ್ಯಾರಾ ಅದು. ಪೇಜಕ್ಕ ಓದಿದಳು, ಇಸವಿ ನೋಡಿದಳು. ಸಾಹೇಬರ ಕಾಲು ಕಡಿದ ವರ್ಷವೇ.

"ಇದನ್ನ ತೆಗಿ. ಗೋಡೆ ಮೇಲಿರೋದನ್ನ ನಾನು ತೆಗೀತೀನಿ."

ಏಳು ಸಾಲು ಹೋಯಿತು. ಕೆಂಪು ಪ್ಲಸ್ ಆರಿತು. ಪೇಜಕ್ಕನಿಗೆ ಅತ್ತೆಯ ಕೈ ಹಿಡಿಯಬೇಕು ಅನ್ನಿಸಿತು. ಅಂಥ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇರಲಿಲ್ಲವಾದ್ದರಿಂದ ಟೀ ತರಿಸಲಾ ಎಂದು ಕೇಳಿದಳು. ಬೇಡವೆಂದ ಅತ್ತೆ ಎದ್ದು ಮಾಲೀಕರ ಮೇಜಿನ ಕಡೆ ನಡೆದರು.

"ಇಲ್ಲಿ ತಂತಿ ಫೋನ್ ಇದೆಯಲ್ಲ. ಅವಳ ನಂಬರ್ ಹಚ್ಚು. ನನ್ನ ಮೊಬೈಲಿಂದ ಮಾಡಿದ್ರೆ ಎತ್ತಲ್ಲ."

"ತಿದ್ದಿದ ಪುಟ ಕಳಿಸಿದ್ರೆ ಆಗಲ್ವಾ ಅತ್ತೆ? ಅವರೇ ಓದ್ಕೊಳ್ತಾರೆ."

"ಪುಟ ಆಮೇಲೆ ಕಳಿಸು. ಅವಳು ಬಾಯಲ್ಲಿ ಕೇಳಿದ್ದು, ನಾನು ಬಾಯಲ್ಲೇ ಹೇಳ್ಬೇಕು."

ಮೂರು ಗಂಟೆ ಹತ್ತು ನಿಮಿಷ. ಪೇಜಕ್ಕ ನಂಬರ್ ಹಚ್ಚಿಕೊಟ್ಟಳು. ಅತ್ತೆ ಬೆನ್ನು ನೆಟ್ಟಗೆ ಮಾಡಿ ನಿಂತರು. ಅತ್ತ ಯಾರೋ ಎತ್ತಿದರು.

"ಏಳನೇ ಬೋರ್ಡು ಮಾತಾಡ್ತಿರೋದು" ಎಂದರು ಅತ್ತೆ. "ಇಡಬೇಡ. ಆ ತಂತಿ ಎಳೆದಿದ್ದು ನಾನು. ನೀನು ಕೇಳಿದಾಗ ಮುಟ್ಟಿಲ್ಲ ಅಂದೆ, ಸುಳ್ಳು ಹೇಳಿದೆ. ನಿನ್ನ ಬಡ್ತಿ ತಡ ಆಯ್ತು, ಪ್ರಶಸ್ತಿ ನಂಗೆ ಬಂತು. ಪುಸ್ತಕದಲ್ಲಿ ಇದನ್ನೇ ಬರೆದಿದ್ದೆ, ಅಚ್ಚಾಗೋವಾಗ ಬಿಟ್ಟುಹೋಯ್ತು. ಈಗ ಸೇರಿಸಿದೀವಿ. ನೀನು ಸಭೆಗೆ ಬರದಿದ್ರೂ ಸರಿ. ನಿನ್ನ ಬರಹ ತೆಗೆಸ್ಬೇಡ."

ಅತ್ತಲಿಂದ ಸದ್ದಿಲ್ಲ. ಇಟ್ಟ ಸದ್ದೂ ಇಲ್ಲ. ಅತ್ತೆ ಹಲೋ ಹಲೋ ಎನ್ನಲಿಲ್ಲ, ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದರು. ಮಾಲೀಕರು ಯಂತ್ರವನ್ನು ನಿಲ್ಲಿಸಿದ್ದರು. ಪೇಜಕ್ಕ ಗೋಡೆಯ ಗಡಿಯಾರ ನೋಡಿದಳು. ಒಂದು ನಿಮಿಷ, ಎರಡು ನಿಮಿಷ. ರಿಸೀವರು ಅತ್ತೆಯ ಕಿವಿಯಿಂದ ಜಾರತೊಡಗಿತು. ಅವಳು ಹತ್ತಿರ ಹೋಗಿ ರಿಸೀವರಿಗೆ ತನ್ನ ಕೈಯನ್ನೂ ಆಸರೆ ಕೊಟ್ಟಳು, ಹಾಗಾಗಿ ಮುಂದಿನದು ಅವಳಿಗೂ ಕೇಳಿಸಿತು.

ಮೊದಲು ಮೂಗು ಒರೆಸಿಕೊಂಡ ಸದ್ದು. ಆಮೇಲೆ ವಯಸ್ಸಾದ, ಆದರೂ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುವ ಆಪರೇಟರ್ ದನಿ.

"ಮೂರು ನಿಮಿಷ ಆಯ್ತು. ಮುಂದುವರಿಸ್ತೀರಾ?"

ಅತ್ತೆ ಕಾಲಿನಿಂದ ಕುರ್ಚಿ ಎಳೆದುಕೊಂಡು ಕೂತರು.

"ಮುಂದುವರಿಸಿ" ಎಂದರು.